ಲಕ್ಕಮ್ಮನ ಲೆಕ್ಕ

ನಿವೃತ್ತಿಯಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ನಾನು ಷೇರಿಗೆ ಹಾಕಿದೆನೆಂದರೆ ನೌಬಾದದ ನಮ್ಮ ಓಣಿಯ ಗೆಳತಿಯರು ಇಂದಿಗೂ ನಂಬುವುದಿಲ್ಲ. ಒಂದೆಳೆ ಬಂಗಾರ ಕೊಳ್ಳಲಿಕ್ಕೂ ಮೂರು ಅಂಗಡಿ ಹತ್ತಿ ಇಳಿಯುವವಳು ನಾನು.

ಒಪ್ಪಿಸಿದವನು ಬೆಂಗಳೂರಿನಲ್ಲಿರುವ ಅಕ್ಕನ ಮಗ. "ಚಿಗವ್ವ, ಫೋನು, ಫ್ರಿಜ್ಜು, ಕಾರು ಎಲ್ಲದರಾಗೂ ಚಿಪ್ ಅದ. ಈ ಧಂದೆದಾಗ ಒಂದಿಷ್ಟು ವರ್ಷ ಸುಗ್ಗಿ, ಒಂದಿಷ್ಟು ವರ್ಷ ಬರ. ಬರ ಬಿದ್ದಾಗ ಮಂದಿ ಅಂಜಿ ಮಾರ್ತಾರ. ಆಗ ಗಟ್ಟಿ ಕಂಪನಿ ನೋಡಿ ಕೊಂಡು ಸುಮ್ಮ ಕೂಡಬೇಕು" ಎಂದ. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 2004ರಿಂದ ವರ್ಷ ವರ್ಷವೂ ಲಾಭಾಂಶ ಹೆಚ್ಚಿಸುತ್ತ ಬಂದದ್ದನ್ನು ಉದಾಹರಣೆಗೆ ಹೇಳಿದ. ತೊಗರಿ ಅಗ್ಗವಾದಾಗ ಕೊಂಡಿಡುವ ಗಾಂಧಿಗಂಜಿನ ವ್ಯಾಪಾರದಂತೆಯೇ ಇದೂ ಎಂದುಕೊಂಡು ಒಪ್ಪಿದೆ. ನಾನು ಕೊಂಡದ್ದು ಅಂಥದೇ ಇನ್ನೊಂದು ಅಮೆರಿಕದ ಕಂಪನಿ, ಹೆಸರು ಬೇಡ. ಅಲ್ಲಿಯ ಸರಕಾರ ನೂರಕ್ಕೆ 25ರಂತೆ ತೆರಿಗೆ ಹಿಡಿದುಕೊಂಡ ಮೇಲೂ ಮೂರು ತಿಂಗಳಿಗೊಮ್ಮೆ ಒಂದಿಷ್ಟು ಬರತೊಡಗಿತು.

ಒಂದು ದಿನ ಆ ಕಂಪನಿ ಬಹಳ ಜನರನ್ನು ಕೆಲಸದಿಂದ ತೆಗೆಯಿತು. ಅಂದೇ ಷೇರಿನ ಬೆಲೆ ಏರಿತು. ಖರ್ಚು ಇಳಿದರೆ ಲಾಭ ಹೆಚ್ಚೆಂಬ ಲೆಕ್ಕ. ನನಗೆ ಮೊದಲು ಆದದ್ದು ಸಂತೋಷ. ಆಮೇಲೆ ತಿಳಿಯಿತು, ಕೆಲಸ ಹೋದವರಲ್ಲಿ ಅಕ್ಕನ ಮಗನ ಗೆಳೆಯನೂ ಒಬ್ಬ. ನಮ್ಮ ಮನೆಗೆ ಬಂದು ಜೋಳದ ರೊಟ್ಟಿ ಉಂಡು ಹೋದ ಹುಡುಗ. ನನ್ನ ಆ ಮೊದಲಿನ ಸಂತೋಷ ಇಂದಿಗೂ ಚುಚ್ಚುತ್ತದೆ.

ಕಲ್ಯಾಣ ನಮಗೆ ದೂರವಲ್ಲ. ಅಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಹೆಂಡತಿ ಲಕ್ಕಮ್ಮ. ಅವನಾದರೂ ಬಗ್ಗಿ ಆಯ್ದಿದ್ದ. ನಾನು ಬಗ್ಗಲೂ ಇಲ್ಲ.

ಹಾಗೆಂದು ಬೇರೆಯವರ ದುಡಿಮೆಯನ್ನು ಉಣ್ಣದವರು ಯಾರಿದ್ದಾರೆ? ನಮ್ಮ ನೌಬಾದದ ಸುರಂಗ ಬಾವಿಯನ್ನು ಬಹಮನಿಯರ ಕಾಲದಲ್ಲಿ ಯಾರೋ ನೆಲದೊಳಗೆ ಕೂತು ಕೊರೆದರು. ನೀರು ಕುಡಿದವರು ಎಷ್ಟೋ ತಲೆಮಾರು. ಕುಡಿದದ್ದು ತಪ್ಪಲ್ಲ. ಕೊರೆದ ಕೈಗಳನ್ನು ಮರೆತು, ನನ್ನ ಕೊಡ ತುಂಬಿತೇ ಎಂದಷ್ಟೇ ನೋಡುವುದು ತಪ್ಪು.

ಷೇರು ಮಾರಲಿಲ್ಲ. ಮಾರಿದರೆ ಇನ್ನೊಬ್ಬರು ಕೊಳ್ಳುತ್ತಾರೆ. ಹುಡುಗನ ಕೆಲಸ ಮರಳುವುದಿಲ್ಲ. ಆದರೆ ಲಾಭಾಂಶ ಬಂದಾಗ ಮನೆಗೆ ಎಷ್ಟು ಬೇಕೆಂದು ಮೊದಲು ಬರೆದಿಡುತ್ತೇನೆ. ಉಳಿದದ್ದನ್ನು ಮತ್ತೆ ಷೇರಿಗೇ ಹಾಕು ಎನ್ನುತ್ತಾನೆ ಅಕ್ಕನ ಮಗ. ಈ ಸಲದ್ದನ್ನು ಆ ಹುಡುಗನ ತಂಗಿಯ ಕಾಲೇಜು ಫೀಸಿಗೆ ಕಳಿಸಿದೆ. ಮುಂದಿನ ಸಲ ಏನು ಮಾಡುತ್ತೇನೋ! "ಇಷ್ಟು ಸಾಕು" ಎನ್ನಲು ಲಕ್ಕಮ್ಮನಿಗೆ ಒಂದು ಗಳಿಗೆ ಸಾಕಾಗಿತ್ತು. ನಾನು ಮಾತ್ರ ಪ್ರತಿ ಮೂರು ತಿಂಗಳಿಗೊಮ್ಮೆ ಹೊಸದಾಗಿ ಕಲಿಯಬೇಕಾಗಿದೆ.