ಮಗುವಿನ ಪರವಾಗಿ ಕೊಡುವ ದಾನ

ತನ್ನದನ್ನು ತಾನು ಕೊಟ್ಟರೆ ಅದು ದಾನ. ಇನ್ನೊಬ್ಬರದನ್ನು ಎತ್ತಿಕೊಟ್ಟರೆ ದಾನವೆನಿಸದು. ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೊಡಬೇಕಾದದ್ದು ರೋಗಿಯಾದ ತಮ್ಮ ಮಗುವಿನ ರಕ್ತ, ಪಡೆಯುವವರು ಮುಂದೆಂದೋ ಅದೇ ರೋಗಕ್ಕೆ ತುತ್ತಾಗಲಿರುವ ಅಪರಿಚಿತ ಮಕ್ಕಳು ಎಂದಾಗ ತಂದೆತಾಯಿಗಳು ಏನು ಮಾಡಬೇಕು? ಮಗು ಅವರದು ನಿಜ. ಮಗುವಿನ ದೇಹವೂ ಅವರ ಸೊತ್ತೇ? ವಾಚಕರು ಈ ಪ್ರಶ್ನೆಯನ್ನು ನಮ್ಮೊಡನೆ ತುಸು ವಿಚಾರಿಸಿ ನೋಡಬೇಕೆಂದು ವಿನಂತಿ.

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಲೂಪಸ್ ಎಂಬುದೊಂದು ವ್ಯಾಧಿಯುಂಟು. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ ತೋಳವೆಂದು ಅರ್ಥ. ರೋಗಾಣುಗಳನ್ನು ತಡೆಯಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಚರ್ಮ, ಕೀಲು, ಮೂತ್ರಪಿಂಡ, ಮಿದುಳುಗಳ ಮೇಲೆ ಎರಗುತ್ತದೆ. ಇದು ಅಂಟುರೋಗವಲ್ಲ. ಹತ್ತು ರೋಗಿಗಳಲ್ಲಿ ಒಬ್ಬಿಬ್ಬರಿಗೆ ಇದು ಬಾಲ್ಯದಲ್ಲಿಯೇ ತಲೆದೋರುತ್ತದೆ. ಅವರಲ್ಲಿ ಹೆಣ್ಣುಮಕ್ಕಳೇ ಅಧಿಕ. ದೊಡ್ಡವರಿಗಿಂತ ಮಕ್ಕಳಲ್ಲಿ ಮೂತ್ರಪಿಂಡಗಳಿಗೆ ಆಗುವ ಹಾನಿಯೂ ಹೆಚ್ಚು. ಹತೋಟಿಯಲ್ಲಿಡುವ ಔಷಧಗಳಿವೆ, ಬೇರುಸಹಿತ ಕೀಳುವ ಔಷಧವಿಲ್ಲ. ಪ್ರಾಣವುಳಿಸುವ ಸ್ಟೀರಾಯ್ಡ್ ಮಾತ್ರೆಯೇ ಮಗುವಿನ ಮುಖವನ್ನು ಊದಿಸುತ್ತದೆ, ಎತ್ತರವನ್ನು ಕುಂಠಿತಗೊಳಿಸುತ್ತದೆ.

ರೋಗ ಒಂದು ಮಗುವಿಗೆ ಬಂದರೂ ನರಳುವುದು ಇಡೀ ಸಂಸಾರ. ತಾಯಿಗೆ ನಿದ್ದೆಯಿಲ್ಲ, ತಂದೆಗೆ ಆಸ್ಪತ್ರೆಯ ಅಲೆದಾಟದಲ್ಲಿ ದುಡಿಮೆ ತಪ್ಪುತ್ತದೆ, ಆರೋಗ್ಯವಂತರಾದ ಒಡಹುಟ್ಟಿದವರು ಮೂಲೆಗೆ ಸರಿಯುತ್ತಾರೆ. ನಮ್ಮ ನಾಡಿನಲ್ಲಿಯಾದರೋ ಮಗಳ ಕಾಯಿಲೆಯನ್ನು ನಾಳಿನ ಮದುವೆಯ ಚಿಂತೆಯಿಂದ ನೆಂಟರಿಗೆ ತಿಳಿಯದಂತೆ ಮುಚ್ಚಿಡುವುದೂ ಉಂಟು. ಇಂತಹ ಮನೆಯ ಬಾಗಿಲಿಗೆ ಸಂಶೋಧಕನು ಬಂದು ನಿಲ್ಲುತ್ತಾನೆ.

ಅವನು ಬರಲೇಬೇಕಾಗಿದೆ. ಒಂದು ಆಸ್ಪತ್ರೆಯಲ್ಲಿ ಇಂತಹ ಮಕ್ಕಳು ಕೆಲವರೇ. ಕೆಲವರಿಂದ ಯಾವ ಸತ್ಯವೂ ದೃಢಪಡದು. ಆದುದರಿಂದಲೇ 1996ರಲ್ಲಿ ಇಟಲಿಯ ಜಿನೋವಾ ನಗರವನ್ನು ಕೇಂದ್ರವಾಗಿರಿಸಿಕೊಂಡು ಪ್ರಿಂಟೋ ಎಂಬ ಕೂಟವೂ, 2002ರಲ್ಲಿ ಉತ್ತರ ಅಮೆರಿಕದಲ್ಲಿ ಕಾರಾ ಎಂಬ ಒಕ್ಕೂಟವೂ ಹುಟ್ಟಿಕೊಂಡು, ದೂರದೂರದ ವೈದ್ಯರನ್ನು ಒಂದುಗೂಡಿಸಿದವು. ಬೆಲಿಮುಮಾಬ್ ಎಂಬ ಔಷಧವು ಅಮೆರಿಕದಲ್ಲಿ ವಯಸ್ಕರಿಗೆ 2011ರಲ್ಲಿಯೇ ದೊರೆಯಿತು. ಮಕ್ಕಳಿಗೆ ಅದು ಒಪ್ಪಿತವಾದದ್ದು 2019ರಲ್ಲಿ, ಹಲವು ದೇಶಗಳ 93 ಮಕ್ಕಳು ಪರೀಕ್ಷೆಗೆ ಒಡ್ಡಿಕೊಂಡ ಮೇಲೆ.

ಹಾಗಾದರೆ ಮಗುವನ್ನು ಒಪ್ಪಿಸುವುದು ಧರ್ಮವೇ? 1970ರ ದಶಕದಲ್ಲಿ ಅಮೆರಿಕದ ಇಬ್ಬರು ಧರ್ಮಚಿಂತಕರು ಇದನ್ನೇ ಚರ್ಚಿಸಿದರು. ಮಗುವಿಗೇ ಚಿಕಿತ್ಸೆಯಾಗದ ಪ್ರಯೋಗಕ್ಕೆ ಅದರ ಪರವಾಗಿ ಸಮ್ಮತಿಸುವ ಹಕ್ಕು ತಂದೆತಾಯಿಗಳಿಗೂ ಇಲ್ಲವೆಂದರು ಪಾಲ್ ರ್‍ಯಾಮ್ಸೆ. ಅಪಾಯವು ಅತ್ಯಲ್ಪವಾಗಿದ್ದರೆ, ಸಮಾಜದ ಅಂಗವಾದ ಮಗುವೂ ತಿಳಿವಳಿಕೆಯಿದ್ದಲ್ಲಿ ಒಪ್ಪಲೇಬೇಕಾದದ್ದನ್ನು ಹಿರಿಯರು ಅದರ ಪರವಾಗಿ ಒಪ್ಪಬಹುದೆಂದರು ರಿಚರ್ಡ್ ಮೆಕಾರ್ಮಿಕ್.

ನಮ್ಮ ಹಳ್ಳಿಯ ವ್ಯವಹಾರವೊಂದು ಇಲ್ಲಿ ದಾರಿ ತೋರೀತು. ಊರ ಕೆರೆಯ ಹೂಳೆತ್ತುವಾಗ ತಬ್ಬಲಿ ಬಾಲಕನ ಪಾಲಿನ ವಂತಿಗೆಯನ್ನು ಅವನ ಪಾಲಕನು ಕೊಡುತ್ತಾನೆ. ಆ ಕೆರೆಯ ನೀರು ಬಾಲಕನ ಹೊಲಕ್ಕೂ ಹರಿಯುತ್ತದೆಯಲ್ಲವೆ? ಆದರೆ ಹೊಲವನ್ನೇ ಪರಭಾರೆ ಮಾಡುವ ಅಧಿಕಾರ ಅವನಿಗಿಲ್ಲ. ತಂದೆತಾಯಿಗಳೂ ಮಗುವಿನ ದೇಹಕ್ಕೆ ಪಾಲಕರೇ ಹೊರತು ಒಡೆಯರಲ್ಲ. ಇಂದು ಲೂಪಸ್ ಪೀಡಿತ ಮಗುವು ನುಂಗುವ ಪ್ರತಿಯೊಂದು ಮಾತ್ರೆಯ ಹಿಂದೆಯೂ ಹೆಸರರಿಯದ ಹಿಂದಿನ ರೋಗಿಗಳ ಸಹನೆಯಿದೆ. ಆ ಋಣಕ್ಕಾಗಿ ಸಣ್ಣ ವಂತಿಗೆ ನ್ಯಾಯ. ಮಗುವಿನ ಕ್ಷೇಮವನ್ನೇ ಪಣವೊಡ್ಡುವುದು ಅನ್ಯಾಯ.

ಈ ವಂತಿಗೆಗೂ ಕಟ್ಟಳೆಗಳಿವೆ. ಮಗುವನ್ನು ಅದರ ಮಾತಿನಲ್ಲಿಯೇ ಕೇಳಬೇಕು. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ವಿಧಿಸಿದೆ. ಒಲ್ಲೆನೆಂದವರಿಗೆ ಚಿಕಿತ್ಸೆಯಲ್ಲಿ ಕಿಂಚಿತ್ತೂ ಕೊರತೆಯಾಗಕೂಡದು. ರಕ್ತದ ಅಂಕಿಗಳನ್ನು ಮಾತ್ರವಲ್ಲದೆ ತಪ್ಪಿದ ಶಾಲೆ, ಊದಿದ ಮುಖದ ನಾಚಿಕೆ, ತಾಯಿಯ ಬಳಲಿಕೆಗಳನ್ನೂ ಸಂಶೋಧನೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊನೆಗೆ, ಕಂಡುಕೊಂಡ ಫಲವನ್ನು ಕೊಟ್ಟವರಿಗೆ ತಿಳಿಸಬೇಕು.

ಫಲ ಸೊನ್ನೆಯಾದರೆ? ಲೂಪಸ್ ಪೀಡಿತರ ರಕ್ತನಾಳಗಳು ಬೇಗನೆ ಕೆಡುವುದನ್ನು ಅಟೋರ್ವಾಸ್ಟಾಟಿನ್ ಔಷಧ ತಡೆದೀತೆ ಎಂದು ಉತ್ತರ ಅಮೆರಿಕದ 21 ಕೇಂದ್ರಗಳಲ್ಲಿ 221 ಎಳೆಯರು ಮೂರು ವರ್ಷಗಳ ಪರೀಕ್ಷೆಗೆ ಸೇರಿದರು. ಕೊನೆಗೆ ಪ್ರಕಟವಾದ ಉತ್ತರ: ನಿರೀಕ್ಷಿಸಿದ ಫಲವಿಲ್ಲ. ಅವರ ತಾಳ್ಮೆ ವ್ಯರ್ಥವಾಯಿತೆನ್ನೋಣವೆ? ಇಲ್ಲ. ಲೂಪಸ್ ಬಂದ ಮಕ್ಕಳಿಗೆಲ್ಲ ಆ ಮಾತ್ರೆಯನ್ನು ವಾಡಿಕೆಯಾಗಿ ನುಂಗಿಸಬೇಕಾಗಿಲ್ಲವೆಂಬ ಅರಿವು ಅವರಿಂದಲೇ ಬಂದಿತು.

ವಾಚಕರೇ, ಇಂತಹ ಪ್ರಶ್ನೆ ನಿಮ್ಮ ಬಂಧುಗಳ ಮನೆಗೂ ಒಂದು ದಿನ ಬರಬಹುದು. ಆಗ ಒಪ್ಪಿದವರನ್ನು ನಿರ್ದಯರೆನ್ನಬೇಡಿರಿ, ಒಪ್ಪದವರನ್ನು ಸ್ವಾರ್ಥಿಗಳೆನ್ನಬೇಡಿರಿ. ಮಗುವನ್ನು ಕೇಳಿದಿರಾ ಎಂದು ಮಾತ್ರ ಮೆಲ್ಲನೆ ವಿಚಾರಿಸಿರಿ. ಆಸ್ಪತ್ರೆಗೆ ಹೋಗುವ ದಿನ ಉಳಿದ ಮಕ್ಕಳನ್ನು ನಿಮ್ಮ ಮನೆಯಲ್ಲಿ ಉಣ್ಣಿಸಿರಿ. ಆ ವಂತಿಗೆಯಲ್ಲಿ ನಿಮ್ಮ ಪಾಲೂ ಸೇರಿದಂತಾಗುತ್ತದೆ.