ಇಂದಿನ ಧಮ್ಮ ಚಿಂತನೆ: ಹುಟ್ಟಿದ ದಿನಕ್ಕೆ ಸಾಕ್ಷಿ ಯಾರು?



ಸುಳ್ಳು ಹೇಳುವುದಿಲ್ಲ ಎಂಬ ನಾಲ್ಕನೆಯ ಶೀಲವನ್ನು ವಿಹಾರದಲ್ಲಿ ಕೈಮುಗಿದು ಸ್ವೀಕರಿಸುವುದು ಸುಲಭ. ನೋಟರಿಯ ಮೇಜಿನ ಮುಂದೆ ನಿಂತಾಗ ಅದನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ನಮ್ಮ ಬಳಗದ ತಾಯಿಯೊಬ್ಬರು ಈಚೆಗೆ ಕೇಳಿದ ಪ್ರಶ್ನೆ ಅಂಥದು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ನೀವೂ ತೂಗಿ ನೋಡಿ.

ಅವರ ಮಗನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದೆ, ಜನನ ಪ್ರಮಾಣಪತ್ರ ಕೇಳಿದ್ದಾರೆ. ಟ್ರಂಕಿನಲ್ಲಿದ್ದ ಕಾಗದವನ್ನು ಗೆದ್ದಲು ತಿಂದಿತ್ತು. ಇನ್ನೊಂದು ಪ್ರತಿ ತರೋಣವೆಂದು ಕಚೇರಿಗೆ ಹೋದರು. ನೋಂದಣಿ ಆಗಿದ್ದರೆ ಇದು ದೊಡ್ಡ ಕೆಲಸವಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ರಿಜಿಸ್ಟರ್ ಹುಡುಕಿಸಿ ಪ್ರತಿ ಪಡೆಯುವುದು ನಮ್ಮ ಹಕ್ಕು, ಯಾರ ಕೃಪೆಯೂ ಅಲ್ಲ. ಹುಟ್ಟಿದ ವರ್ಷ, ತಂದೆ ತಾಯಿಯ ಹೆಸರು, ಊರು ಗೊತ್ತಿದ್ದರೆ ಆಯಿತು. ಆದರೆ ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ರಿಜಿಸ್ಟರ್‌ನಲ್ಲೇ ಹುಡುಕಬೇಕು. ಚೊಚ್ಚಲು ಹೆರಿಗೆ ತವರಿನಲ್ಲಾಗುವುದು ನಮ್ಮ ಕಡೆ ರೂಢಿ. ಗಂಡನ ಊರಿನ ಕಚೇರಿಯಲ್ಲಿ ಹುಡುಕಿಸಿ, ಸಿಗಲಿಲ್ಲವೆಂದು ಅತ್ತುಕೊಂಡು ಬಂದವರನ್ನು ನಾನೇ ಎಷ್ಟೋ ಸಲ ತಾಯಿಯ ತವರಿಗೆ ಕಳಿಸಿದ್ದೇನೆ.

ಈ ತಾಯಿ ತವರಿನ ಕಡೆಯೂ ವಿಚಾರಿಸಿದರು. ಅಲ್ಲೂ ಹೆಸರಿಲ್ಲ. ಗೆದ್ದಲು ತಿಂದದ್ದು ನರ್ಸಮ್ಮ ಕೊಟ್ಟಿದ್ದ ಚುಚ್ಚುಮದ್ದಿನ ಕಾರ್ಡು ಎಂದು ಆಗ ಗೊತ್ತಾಯಿತು. ಅಷ್ಟು ವರ್ಷ ಅದನ್ನೇ ಜನನ ಪತ್ರವೆಂದು ಸೀರೆಯ ಮಡಿಕೆಯಲ್ಲಿಟ್ಟು ಕಾಪಾಡಿದ್ದರು. ಕಳೆದುಹೋದದ್ದರ ಪ್ರತಿ ತರಲು ಹೋದವರಿಗೆ ಅದು ಮೊದಲಿನಿಂದಲೇ ಇರಲಿಲ್ಲ ಎಂಬ ಉತ್ತರ ಸಿಕ್ಕಿತು.

ಇನ್ನು ಉಳಿದದ್ದು ವಿಳಂಬ ನೋಂದಣಿ. ಹುಟ್ಟಿ ಒಂದು ವರ್ಷ ದಾಟಿದ್ದರೆ ಹಿಂದೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟರ ಕಡೆಗೆ ಬಂದಿದೆ. ಅದಕ್ಕೆ ಅಫಿಡವಿಟ್ ಬೇಕು, ಅಫಿಡವಿಟ್‌ನಲ್ಲಿ ತಾರೀಖು ಬೇಕು. ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಜೂನ್ 1 ಎಂದಿದೆ. ತಾಯಿಗೆ ಗೊತ್ತಿರುವುದು ರಾಗಿ ಕುಯ್ಲಿನ ಹೊತ್ತು. ಹೊಲದಿಂದ ಬಂದ ರಾತ್ರಿಯೇ ನೋವು ಶುರುವಾಯಿತಂತೆ. ಯಾವ ಊರಿನಲ್ಲಿ ಜೂನ್ ತಿಂಗಳಲ್ಲಿ ರಾಗಿ ಕುಯ್ಯುತ್ತಾರೆ?

ಈ ಜೂನ್ 1ರ ಗುಟ್ಟು ನಮ್ಮಂಥ ಮೇಷ್ಟರಿಗೆ ಚೆನ್ನಾಗಿ ಗೊತ್ತು. ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಮಗುವಿಗೆ ಆರು ವರ್ಷವೆಂದು ಲೆಕ್ಕ. ಶಾಲೆ ಶುರುವಾಗುವ ತಿಂಗಳಿಗೆ ಹೊಂದುವ ಹಾಗೆ ತಾರೀಖು ಬರೆದರೆ ದಾಖಲಾತಿ ಮುಗಿಯಿತು. ಕನ್ನಡನಾಡಿನ ಎಷ್ಟು ಕೇರಿಗಳು ಒಂದೇ ದಿನ ಹುಟ್ಟುಹಬ್ಬ ಮಾಡಿಕೊಳ್ಳಬಹುದೋ!

"ಜೂನ್ ಒಂದಕ್ಕೇ ಹುಟ್ಟಿದ್ದು, ನಾನೇ ಕಣ್ಣಾರೆ ಬಲ್ಲೆ ಅಂತ ಬರೆಸಿ ಸೈನ್ ಹಾಕಿ, ಕೆಲಸ ಆಗುತ್ತೆ" ಅಂದನಂತೆ ಬ್ರೋಕರ್. ಆ ತಾಯಿ ನನ್ನನ್ನು ಕೇಳಿದ್ದು ಇಷ್ಟೇ: "ಮೇಷ್ಟ್ರೇ, ಹಂಗೆ ಬರೆದುಕೊಟ್ರೆ ಶೀಲ ಕೆಡ್ತದಾ?"

ಇದಕ್ಕೆ ಸಿಟ್ಟಿನ ಉತ್ತರವೊಂದಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಹಳೆಯ ಕಾಲದಲ್ಲಿ ಊರಿನ ಹುಟ್ಟು ಸಾವಿನ ಸುದ್ದಿ ಹೊತ್ತು ಹಗಲು ರಾತ್ರಿ ನಡೆದವನು ನಮ್ಮ ಕೇರಿಯ ತೋಟಿ. ಬರೆದುಕೊಂಡವರು ಶಾನುಭೋಗರು. 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಆದರೂ ಕೇರಿಯ ಮಕ್ಕಳ ಹುಟ್ಟು ಬರೆಯುವವರಿಲ್ಲದೆ ಎಷ್ಟೋ ಮನೆಗಳಲ್ಲಿ ಹಾಗೇ ಉಳಿಯಿತು. ನಮ್ಮನ್ನು ಬರೆದುಕೊಳ್ಳದ ವ್ಯವಸ್ಥೆಗೆ ನಾವು ಯಾಕೆ ನಿಜ ಹೇಳಬೇಕು? ಬಳಗದ ತರುಣರು ಹೀಗೆ ಕೇಳಿದರೆ ನನಗೆ ತಪ್ಪೆನಿಸುವುದಿಲ್ಲ.

ಆದರೆ ಶೀಲ ಸರ್ಕಾರದ ಜೊತೆಗಿನ ಒಪ್ಪಂದವಲ್ಲ. ಬುದ್ಧರು ಮಗ ರಾಹುಲನಿಗೆ ಪಾತ್ರೆಯ ತಳದಲ್ಲಿ ಉಳಿದ ಚೂರು ನೀರನ್ನು ತೋರಿಸಿ ಪಾಠ ಹೇಳಿದ ಪ್ರಸಂಗ ನಮಗೆ ಗೊತ್ತಿದೆ. ಅಲ್ಲಿ ಒತ್ತು ಇರುವುದು ಗೊತ್ತಿದ್ದೂ ಹೇಳುವ ಸುಳ್ಳಿನ ಮೇಲೆ. ತಾರೀಖು ಗೊತ್ತಿಲ್ಲದಿರುವುದು ಆ ತಾಯಿಯ ತಪ್ಪಲ್ಲ. ಮೇಷ್ಟರು ಅಂದಾಜಿಗೆ ಬರೆದ ತಾರೀಖನ್ನು ಮಗ ಇಷ್ಟು ವರ್ಷ ಹೊತ್ತು ತಿರುಗಿದ್ದೂ ತಪ್ಪಲ್ಲ. ರಾಗಿ ಕುಯ್ಲು ಕಣ್ಣಮುಂದೆ ಇರುವಾಗ "ಕಣ್ಣಾರೆ ಬಲ್ಲೆ" ಎಂದು ಪ್ರಮಾಣ ಮಾಡಿದರೆ ಶೀಲ ಮುರಿಯುತ್ತದೆ.

ಹಾಗಾಗಿ ಹೀಗೆ ಬರೆಸಲು ಹೇಳಿದೆ: ಮಗ ನನ್ನ ತವರಿನಲ್ಲಿ ಹುಟ್ಟಿದ, ನಿಖರವಾದ ದಿನ ನನಗೆ ತಿಳಿಯದು, ನೆನಪಿರುವಂತೆ ಕುಯ್ಲಿನ ಕಾಲ, ಶಾಲಾ ದಾಖಲೆಯ ಪ್ರಕಾರ ಹುಟ್ಟಿದ ದಿನ ಜೂನ್ 1. "ದಾಖಲೆಯ ಪ್ರಕಾರ" ಎಂಬ ಎರಡು ಪದ ಸೇರಿದರೆ ತಾಯಿಯ ಮಾತೂ ಉಳಿಯುತ್ತದೆ, ಕಾಗದದ ಮಾತೂ ಉಳಿಯುತ್ತದೆ. ಯಾವುದನ್ನು ಒಪ್ಪಬೇಕೆಂದು ವಿಚಾರಿಸುವುದು ಅಧಿಕಾರಿಯ ಕೆಲಸ. ಇದರಿಂದ ನಾಲ್ಕು ಸಲ ಹೆಚ್ಚು ಅಲೆಯಬೇಕಾಗಬಹುದು ಎಂದೂ ಹೇಳಿದೆ. ಅದನ್ನು ಮುಚ್ಚಿಟ್ಟು ಶೀಲ ಬೋಧಿಸುವುದು ನ್ಯಾಯವಲ್ಲ. ಸಂಬಳ ಬರುವ ಮೇಷ್ಟ್ರಿಗೆ ಸತ್ಯ ಅಗ್ಗ, ದಿನಗೂಲಿ ಬಿಟ್ಟು ಬರುವವರಿಗೆ ದುಬಾರಿ. ಅದಕ್ಕೇ ಬಳಗದಿಂದ ಇಬ್ಬರು ಅವರ ಜೊತೆ ಕಚೇರಿಗೆ ಹೋಗಬೇಕೆಂದು ಕೇಳಿಕೊಂಡಿದ್ದೇನೆ.

ಬಾಬಾಸಾಹೇಬರು 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ, ನನಗೆ ಇದು ಹೊಸ ಹುಟ್ಟು ಎಂಬುದೂ ಇದೆ. ಆ ಹುಟ್ಟನ್ನು ಯಾವ ರಿಜಿಸ್ಟರ್‌ನಲ್ಲೂ ಹುಡುಕಿಸಬೇಕಾಗಿಲ್ಲ. ಅಂದಹಾಗೆ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜಾತಿಗೊಂದು ಕಾಲಂ ಇದೆ, ಜನನ ಪ್ರಮಾಣಪತ್ರದಲ್ಲಿ ಇಲ್ಲ. ಆ ಕಾಗದದ ಬಗ್ಗೆ ನನಗಿರುವ ಪ್ರೀತಿಗೆ ಅದೂ ಒಂದು ಕಾರಣ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲೂ ಜನನ ಪ್ರಮಾಣಪತ್ರವೇ ಆಧಾರ. ಕಿವಿ ಮುಟ್ಟಿಸಿ ತಾರೀಖು ಬರೆಯುವ ಕಾಲ ಮುಗಿಯಿತು. ನಿಮ್ಮ ಕಾಲೊನಿಯಲ್ಲಿ ಬಾಣಂತಿಯರಿದ್ದರೆ ಈ ಭಾನುವಾರ ವಂದನೆ ಮುಗಿದ ಮೇಲೆ ಅವರ ಮನೆಗೆ ಹೋಗಿ ವಿಚಾರಿಸಿ. ಹುಟ್ಟಿದ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ದಂಡವಿಲ್ಲ. ಮಗುವಿಗೆ ಹೆಸರಿಟ್ಟಿಲ್ಲವೆಂದು ಕಾಯಬೇಡಿ, ಹೆಸರನ್ನು ಆಮೇಲೂ ಸೇರಿಸಬಹುದು. ಕೊಟ್ಟ ಕಾಗದ ಆಸ್ಪತ್ರೆಯ ಚೀಟಿಯೋ, ನೋಂದಣಿ ಸಂಖ್ಯೆ ಇರುವ ಪ್ರಮಾಣಪತ್ರವೋ ಎಂದು ನೀವೇ ಕೈಗೆ ತೆಗೆದುಕೊಂಡು ಓದಿ ನೋಡಿ.

ಜೈಭೀಮ್.