ಖಾನಾವಳಿಯ ಬಾಗಿಲು

ಅನ್ನವನ್ನು ಬೆಲೆಗೆ ಮಾರುವುದು ನಮ್ಮ ಹಿರಿಯರ ಮನಸ್ಸಿಗೆ ಒಪ್ಪಿಗೆಯಾದ ಕೆಲಸವಾಗಿರಲಿಲ್ಲ. ಹಸಿದು ಬಂದವನಿಗೆ ಇಕ್ಕುವುದು ಗೃಹಸ್ಥನ ಧರ್ಮ. ಅದಕ್ಕೆ ಹಣ ಕೇಳುವುದು ನಾಚಿಕೆಯ ಮಾತು. ಆದರೆ ರೈಲು ಬಂದು, ಪೇಟೆ ಬೆಳೆದು, ಪರಊರಿನ ಜನ ಸಂತೆಗೂ ಕಚೇರಿಗೂ ಓಡಾಡತೊಡಗಿದ ಮೇಲೆ ಧರ್ಮವೂ ವ್ಯಾಪಾರವೂ ಒಂದು ಕರಾರಿಗೆ ಬರಲೇಬೇಕಾಯಿತು. ನಮ್ಮ ಕಡೆ ಆ ಕರಾರಿಗೆ ಖಾನಾವಳಿ ಎಂದು ಹೆಸರು.

ಗದಗ-ಬೆಟಗೇರಿಗೆ ಅದು ಬೇಕೇ ಬೇಕಾಗಿತ್ತು. ಹುಬ್ಬಳ್ಳಿ, ಹೊಸಪೇಟೆ, ಸೊಲ್ಲಾಪುರಗಳ ಕಡೆಯ ರೈಲುದಾರಿಗಳು ಕೂಡುವ ಊರು. ಹತ್ತಿ, ಶೇಂಗಾಗಳ ಪೇಟೆ. ಪಕ್ಕದಲ್ಲೇ ಮಗ್ಗದ ಸದ್ದಿನ ಬೆಟಗೇರಿ. ಲಕ್ಷ್ಮೇಶ್ವರದಿಂದ ಮಾಲು ತಂದ ರೈತ, ಶಿರಹಟ್ಟಿಯಿಂದ ಓದಲು ಬಂದ ಹುಡುಗ, ಮುಂಡರಗಿಯಿಂದ ಕೋರ್ಟಿಗೆ ಬಂದ ಕಕ್ಷಿದಾರ, ಇವರೆಲ್ಲ ಉಣ್ಣಬೇಕಲ್ಲ! ಬಿಸಿ ಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾಹಿಂಡಿ, ಮೊಸರು, ಕೊನೆಗೆ ಅನ್ನ-ಸಾರು. ರೊಟ್ಟಿಯನ್ನು ಎಣಿಸುವ ಪದ್ಧತಿ ಇರಲಿಲ್ಲ. ವಿದ್ಯಾರ್ಥಿಗಳಿಗೂ ಒಂಟಿ ನೌಕರರಿಗೂ ತಿಂಗಳ ಲೆಕ್ಕ. ಉಂಡು ಕೈತೊಳೆದವನು ಎಲೆ-ಅಡಿಕೆ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಗಳಿಗೆ ಹೊತ್ತು ಕುಳಿತರೆ, ಮಳೆಯ ಸುದ್ದಿ, ಹತ್ತಿಯ ಧಾರಣೆ, ಕನ್ಯೆ-ವರಗಳ ವಿಚಾರ ಎಲ್ಲವೂ ಅಲ್ಲಿಯೇ ತಿಳಿಯುತ್ತಿದ್ದವು.

ಈಗ ಖಾನಾವಳಿ ಮಾರ್ಪಟ್ಟಿದೆ. ಹೆದ್ದಾರಿಯ ಬದಿಗೆ 'ಉತ್ತರ ಕರ್ನಾಟಕ ಶೈಲಿಯ ಊಟ' ಎಂಬ ದೀಪದ ಫಲಕ ಹೊಳೆಯುತ್ತದೆ. ಗೋಡೆಯ ಮೇಲೆ ಚಕ್ಕಡಿಯ ಚಿತ್ರ, ಕುಟುಂಬದವರಿಗೆ ಹವಾನಿಯಂತ್ರಿತ ಕೋಣೆ. ರೊಟ್ಟಿ ಮೊದಲಿನಷ್ಟೇ ರುಚಿ. ನೆಲ ಮೊದಲಿಗಿಂತ ಸ್ವಚ್ಛ. ಇದನ್ನು ಹಳಿಯುವುದು ಸುಳ್ಳು ವೈರಾಗ್ಯ. ಆದರೆ ಕಟ್ಟೆ ಹೋಗಿ ಅಲ್ಲಿ ಕಾರು ನಿಲ್ಲುವ ಜಾಗವಾಗಿದೆ. ಉಂಡವನು ಎದ್ದರೆ ಮಾಲಕನಿಗೆ ಸಮಾಧಾನ.

ಇದು ನಮ್ಮೊಂದೇ ನಾಡಿನ ಕಥೆಯಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ 'ಪಬ್' ಎಂಬ ಪಾನಗೃಹಗಳಿವೆ. ಸಾರ್ವಜನಿಕರ ಮನೆ ಎಂಬುದೇ ಆ ಹೆಸರಿನ ಅರ್ಥ. 1991ರಲ್ಲಿ ಲಂಡನ್ನಿನ 'ಈಗಲ್' ಎಂಬ ಪಬ್ಬು ಊಟವನ್ನೇ ಮುಂದುಮಾಡಿ ಹೊಸ ಮೇಲ್ಪಂಕ್ತಿ ಹಾಕಿತು. ಮುಂದೆ ಎಷ್ಟೋ ಹಳ್ಳಿಯ ಪಬ್ಬುಗಳು ಅದೇ ಹಾದಿ ಹಿಡಿದವು. ಪಟ್ಟಣದವರು ಮೊದಲೇ ಹೇಳಿ ಕಾದಿರಿಸಿದ ಮೇಜಿನಲ್ಲಿ ಉಣ್ಣುತ್ತಾರೆ. ಒಂದು ಲೋಟ ಬಿಯರಿನ ಮುಂದೆ ಸಂಜೆ ಕಳೆಯುತ್ತಿದ್ದ ಊರಿನ ಮುದುಕನಿಗೆ ಮೂಲೆ ಸಿಗುವುದು ಕಷ್ಟ. ಊಟ ಮಾರದಿದ್ದರೆ ಬಾಗಿಲೇ ಮುಚ್ಚಬೇಕಾಗುತ್ತಿತ್ತು ಎಂಬ ಮಾಲಕನ ಮಾತಿನಲ್ಲೂ ಹುರುಳಿದೆ.

ಹಾಗಾದರೆ ಹಳೆಯದೇ ಒಳ್ಳೆಯದಾಗಿತ್ತೆ? ಹಾಗೆ ಹೇಳುವ ಮೊದಲು ಹಳೆಯ ಬಾಗಿಲ ಮೇಲಿನ ಫಲಕವನ್ನು ನೆನೆಯಬೇಕು. ಎಷ್ಟೋ ಖಾನಾವಳಿಗಳ ಹೆಸರಿನಲ್ಲಿಯೇ ಜಾತಿ ಇರುತ್ತಿತ್ತು. ಕಟ್ಟೆಯ ಮೇಲಿನ ಆ ಸುಖಸಂಕಥೆ ಎಲ್ಲರಿಗೂ ಇದ್ದುದಲ್ಲ. ಕೆಲವರಿಗೆ ಒಳಗೆ ಪಂಕ್ತಿ. ಕೆಲವರಿಗೆ ಹೊರಗೆ ಬೇರೆ ಲೋಟ. ಉಪಾಹಾರಗೃಹಗಳ ಪ್ರವೇಶಕ್ಕೆ ಜಾತಿ-ಮತಗಳು ಅಡ್ಡಿಯಾಗಕೂಡದೆಂದು 1950ರಲ್ಲಿ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಸಾರಿತು. 1955ರ ಕಾಯಿದೆ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ಗೊತ್ತುಮಾಡಿತು. ಆ ಗೋಡೆಗಳನ್ನು ಸಡಿಲಿಸುವುದರಲ್ಲಿ ಕಾನೂನಿನೊಡನೆ ಹಣದ ಪಾತ್ರವೂ ಇದೆ. ಗಲ್ಲೆಯ ಮೇಲೆ ಬಿದ್ದ ರೂಪಾಯಿಗೆ ಕುಲವಿಲ್ಲ.

ಇಲ್ಲೇ ತೊಡಕು. ಜಾತಿಯ ಫಲಕ ಇಳಿದ ಬಾಗಿಲಲ್ಲಿ ದರದ ಪಟ್ಟಿ ಅದೇ ಕೆಲಸ ಮಾಡತೊಡಗಿದರೆ? 'ನೀನು ಯಾರು' ಎಂದು ಕೇಳುತ್ತಿದ್ದವರು 'ನಿನ್ನಲ್ಲಿ ಎಷ್ಟಿದೆ' ಎಂದು ಕೇಳಿದರೆ, ಹೊರಗೆ ನಿಂತವನಿಗೆ ಆದ ಲಾಭವೇನು?

ಹಸಿದವರಿಗೆ ಮಠಗಳಿವೆಯಲ್ಲ ಎನ್ನಬಹುದು. ನಿಜ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಅನ್ನದೊಡನೆ ಸಂಗೀತವಿದ್ಯೆಯನ್ನೂ ಪಡೆಯುತ್ತಾರೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ದಾಸೋಹ ದೊಡ್ಡದು. ಆದರೆ ದುಡಿಯುವವನು ದಿನವೂ ದಾಸೋಹದ ಪಂಕ್ತಿಗೆ ಕೂಡಲಾರ. ತನ್ನ ಬೆವರಿನ ಹಣ ಕೊಟ್ಟು, ಯಾರ ಹಂಗೂ ಇಲ್ಲದೆ, ತಲೆಯೆತ್ತಿ ಉಣ್ಣಬೇಕೆಂಬ ಆಸೆ ಅವನಿಗಿದೆ. ಖಾನಾವಳಿಯ ನೈತಿಕ ಬೆಲೆ ಇರುವುದು ಇಲ್ಲಿ. ಅದು ಉಣ್ಣುವವನನ್ನು ಋಣದಿಂದ ಬಿಡಿಸುತ್ತದೆ. ಆದರೂ ಬೀಸಾಕಿದಂತೆ ಬಡಿಸದೆ, ಇನ್ನೊಂದು ರೊಟ್ಟಿ ಹಾಕಲೇನು ಎಂದು ಕೇಳುತ್ತದೆ. ಆ ಕೇಳಿಕೆಗೆ ಬಿಲ್ಲಿನಲ್ಲಿ ಸಾಲಿಲ್ಲ.

ಮಾಲಕನು ಲಾಭ ಬಿಡಬೇಕೆಂದು ಯಾರೂ ಹೇಳರು. ಬಾಡಿಗೆ, ಸಿಲಿಂಡರು, ರೊಟ್ಟಿ ಬಡಿಯುವ ತಾಯಂದಿರ ಕೂಲಿ, ಎಲ್ಲಕ್ಕೂ ಹಣ ಬೇಕು. ಆ ಕೂಲಿ ನ್ಯಾಯವಾಗಿರಬೇಕೆಂಬುದೂ ಆತಿಥ್ಯದ ಭಾಗವೇ. ಹವಾನಿಯಂತ್ರಿತ ಕೋಣೆ ಇರಲಿ. ಅದರ ಜೊತೆಗೆ ಹೊರಗೊಂದು ಬೆಂಚು, ಪಟ್ಟಿಯ ಕೊನೆಗಾದರೂ ಕೂಲಿಯವನಿಗೆ ನಿಲುಕುವ ಒಂದು ಊಟ, ಇವಿಷ್ಟು ಉಳಿದರೆ ಹೊಸತು ಹಳೆಯದಕ್ಕಿಂತ ಮೇಲಾಗುತ್ತದೆ. ಏಕೆಂದರೆ ಈ ಬೆಂಚಿನ ಮೇಲೆ ಯಾರು ಬೇಕಾದರೂ ಕೂಡಬಹುದು.

ಎರಡೇ ರೊಟ್ಟಿ, ಒಂದಿಷ್ಟು ಪಲ್ಯ ಸಾಕೆಂದು ಕೇಳಿ ಬಿಸಿಲಿಳಿಯುವವರೆಗೆ ಕೂಡಬಯಸುವ ರೈತನೊಬ್ಬ ಬಂದಾಗ ಮಾಣಿಯ ಮುಖ ಹೇಗಿರುತ್ತದೆ ಎಂಬುದನ್ನು ನೋಡಿದರೆ, ಅದು ಖಾನಾವಳಿಯೋ ಬರಿಯ ಅಂಗಡಿಯೋ ಎಂಬುದು ತಿಳಿದುಹೋಗುತ್ತದೆ.